ಅಂಟಿಸಿದ ನಾಡು

ಬ್ಯಾಡಗಿಯಲ್ಲಿ ಕೆಂಪು ಹಾಳಿಗೆ ಬರವಿಲ್ಲ. ಖಾರಪುಡಿಯ ಪೊಟ್ಟಣ, ದಲಾಲಿ ಅಂಗಡಿಯ ಕ್ಯಾಲೆಂಡರು, ಲಗ್ನಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಚುನಾವಣೆ ಮುಗಿದ ಮೇಲೆ ಗೋಡೆಯಿಂದ ಜೋತುಬಿದ್ದ ಪೋಸ್ಟರು, ಎಲ್ಲದರಲ್ಲೂ ಒಂದೊಂದು ಕೆಂಪು. ಲಗ್ನಪತ್ರಿಕೆಯ ಕೆಂಪಿಗೆ ಕುಂಕುಮದ ಕಡೆ ಒಲವು. ಕ್ಯಾಲೆಂಡರಿನ ಕೆಂಪು ಬೇಸಿಗೆಯ ಬಿಸಿಲು ಕಂಡರೆ ಕಿತ್ತಳೆಗೆ ತಿರುಗುತ್ತದೆ. ಪೊಟ್ಟಣದ ಕೆಂಪು ಪ್ಲಾಸ್ಟಿಕ್ಕಿನ ಮೇಲಿರುವುದರಿಂದ ಮೈದಾ ಖಳಿಗೆ ಜಗ್ಗುವುದಿಲ್ಲ, ಅದಕ್ಕೆ ಬೇರೆ ಅಂಟೇ ಬೇಕು. ಮಕ್ಕಳಿಗೆ ಚಿತ್ರಕಲೆ ಕಲಿಸಿದ ಕೈ ನನ್ನದು. ಈಗ ಈ ಹಾಳಿಗಳನ್ನು ಕತ್ತರಿಸಿ, ರಟ್ಟಿನ ಮೇಲೆ ಅಂಟಿಸಿ ಕೊಲಾಜ್ ಮಾಡುತ್ತೇನೆ. ವಿಷಯ ಬಹುಮಟ್ಟಿಗೆ ಒಂದೇ. ನಾವು ಯಾರು, ಎಲ್ಲಿಯವರು ಎಂದು ತೋರಿಸಲು ನಾವೇ ಎತ್ತಿ ಹಿಡಿಯುವ ಗುರುತಿನ ಚಿತ್ರಗಳು.

ಭಾರತ ಎಂದರೆ ನವಿಲು, ಆನೆ, ತಾಜಮಹಲು, ಕೈಮುಗಿದ ಹೆಣ್ಣುಮಗಳು. ಕರ್ನಾಟಕ ಎಂದರೆ ಹಂಪಿಯ ಕಲ್ಲಿನ ರಥ, ಮೈಸೂರಿನ ಅಂಬಾರಿ, ಜೋಗದ ನಾಲ್ಕು ಧಾರೆ, ಯಕ್ಷಗಾನದ ಕಿರೀಟ. ನಮ್ಮ ಜಿಲ್ಲೆಗೆ ಇಳಿದರೆ ಹಾವೇರಿಗೆ ಏಲಕ್ಕಿ ಹಾರ, ಬ್ಯಾಡಗಿಗೆ ಮೆಣಸಿನಕಾಯಿ, ರಾಣೆಬೆನ್ನೂರಿಗೆ ಕೃಷ್ಣಮೃಗ. ನವೆಂಬರ್ ಒಂದರ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಟ್ರೇಲಿಯ ಮೇಲೆ ಬರುವ ಸ್ತಬ್ಧಚಿತ್ರಗಳಲ್ಲಿ, ಶಾಲೆಯ ಗೋಡೆಗಳಲ್ಲಿ, ಸರ್ಕಾರಿ ಕೈಪಿಡಿಯ ಮುಖಪುಟದಲ್ಲಿ ಕಾಣುವುದೂ ಇವೇ. ಇಂಥ ಸಿದ್ಧ ಚಿತ್ರಗಳನ್ನು ತಿಳಿದವರು ಸವಕಲು ಎಂದು ತಳ್ಳಿಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಊರಿನ ಜನ ತಮ್ಮ ಬದುಕಿನ ಇಷ್ಟೊಂದು ಸಂಗತಿಗಳ ನಡುವೆ ಒಂದನ್ನೇ ಆರಿಸಿ, 'ಇದು ನಾವು' ಎಂದು ಹೇಳಿಕೊಂಡಿದ್ದಾರೆ ಎಂದರೆ ಅದರ ಹಿಂದೆ ಪ್ರೀತಿ ಇದೆ. ಕೊರತೆ ಇರುವುದು ಆರಿಸಿದ್ದರಲ್ಲಲ್ಲ, ಕತ್ತರಿಸಿದ್ದರಲ್ಲಿ. ಮೆಣಸಿನಕಾಯಿಯನ್ನು ಅದರ ಸುತ್ತಲಿನದೆಲ್ಲದರಿಂದ ಬಿಡಿಸಿ ತೆಗೆದುಬಿಟ್ಟರೆ ಅದು ಎಲ್ಲಿಂದ ಬಂತು, ಯಾರ ಕೈ ಹಾದು ಬಂತು ಎಂಬುದು ಆಚೆಗೇ ಉಳಿಯುತ್ತದೆ. ಆಚೆಗೆ ಉಳಿದದ್ದನ್ನು ಹುಡುಕಿ ತಂದು ಅದರ ಪಕ್ಕಕ್ಕೆ ಅಂಟಿಸುವುದು ನನ್ನ ಕೆಲಸ.

ಇದರ ಕಡೆ ನನ್ನ ಮನಸ್ಸು ತಿರುಗಿದ್ದು ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅಲ್ಲಿಯ ಕನ್ನಡದವರು ಸೇರಿ ಮಾಡುವ ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದೆ ಹಾಕಲು ಒಂದು ದೊಡ್ಡ ಚಿತ್ರ ಬೇಕೆಂದು ಫೋನು ಮಾಡಿದ್ದಳು. ರಥ, ಅಂಬಾರಿ, ಕಿರೀಟ ಇರಲೇಬೇಕು ಎಂದಳು. ಆಮೇಲೆ ದನಿ ತಗ್ಗಿಸಿ, "ಸರ್ರೀ, ನಮ್ಮ ಕಡೇದೂ ಏನರ ಹಾಕ್ರಿ. ಇಲ್ಲಿ ಕನ್ನಡದವರಿಗೂ ನಮ್ಮ ಜಿಲ್ಲಾ ಎಲ್ಲಿ ಬರತೈತಿ ಅಂತ ಗೊತ್ತಿಲ್ರಿ" ಅಂದಳು. ನಕಾಶೆ ಹಿಡಿದು ನೋಡಿದರೆ ಹಾವೇರಿ ನಾಡಿನ ನಡುಮಧ್ಯದಲ್ಲೇ ಇದೆ. ಪುಣೆ-ಬೆಂಗಳೂರು ಹೆದ್ದಾರಿ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಲಕ್ಷಾಂತರ ಜನ ಹಾದುಹೋಗುವ ಈ ನಡುಮಧ್ಯ ನಾಡಿನ ಚಿತ್ರದಲ್ಲಿ ಇಲ್ಲ. ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಜಿಲ್ಲೆಯಾಗಿ ಅದಕ್ಕಿನ್ನೂ ಎಳೆಯ ವಯಸ್ಸು, ತನ್ನ ಮುಖವನ್ನು ತಾನೇ ರೂಪಿಸಿಕೊಳ್ಳುತ್ತಿರುವ ಹೊತ್ತು. ಆ ಹುಡುಗಿಯ ಮಾತು ನನ್ನನ್ನು ಕತ್ತರಿ ಹಿಡಿಸಿ ಕೂರಿಸಿತು.

ಮೊದಲು ಮೆಣಸಿನಕಾಯಿಯನ್ನೇ ಎತ್ತಿಕೊಂಡೆ. ಭಾರತದ ಊಟ ಎಂದರೆ ಖಾರ, ಖಾರ ಎಂದರೆ ಕೆಂಪು ಮೆಣಸಿನಕಾಯಿ ಎಂದು ಹೊರಗಿನವರು ಚಿತ್ರ ಬರೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಆ ಚಿತ್ರಕ್ಕೆ ಒಗ್ಗುವುದೇ ಇಲ್ಲ. ಇದರ ಹೆಸರು ಇರುವುದು ಬಣ್ಣಕ್ಕೆ, ಖಾರ ಕಡಿಮೆ. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದಕ್ಕೆ ತೆಳ್ಳಗೆ ಸುಕ್ಕುಗಟ್ಟಿರುತ್ತದೆ, ಡಬ್ಬಿ ಗಿಡ್ಡಗೆ ಉಬ್ಬಿರುತ್ತದೆ. ಇದರಿಂದ ತೆಗೆಯುವ ಬಣ್ಣದ ರಸ ಅಡುಗೆ ಪದಾರ್ಥಗಳಿಗಷ್ಟೇ ಅಲ್ಲ, ತುಟಿರಂಗಿಗೆ, ಉಗುರುಬಣ್ಣಕ್ಕೂ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಹಾಗಾಗಿ ನನ್ನ ಮೊದಲ ರಟ್ಟಿನಲ್ಲಿ ಸಿನಿಮಾ ಪತ್ರಿಕೆಯಿಂದ ಕತ್ತರಿಸಿದ ನಟಿಯರ ತುಟಿಗಳನ್ನು ಸಾಲಾಗಿ ಮೆಣಸಿನಕಾಯಿಯ ಗಿಡಕ್ಕೆ ತೂಗುಹಾಕಿದೆ. ನೋಡಿದವರು ನಕ್ಕರು, ಆಮೇಲೆ ಕೇಳಿದರು, ಕೇಳಿದ ಮೇಲೆ ಸುಮ್ಮನಾದರು. ನಮ್ಮೂರಿನ ಬೆಳೆ ಎಷ್ಟು ದೂರದ ಮುಖಕ್ಕೆ ಹೋಗಿ ಕೂರುತ್ತದೆ ಎಂಬುದು ಊರಿನವರಿಗೇ ಹೊಸದು.

ಮಾರುಕಟ್ಟೆಯ ದಿನ ಎಪಿಎಂಸಿ ಪ್ರಾಂಗಣದೊಳಗೆ ಕಾಲಿಟ್ಟರೆ ಮೊದಲು ಸಿಗುವುದು ಘಾಟು, ಆಮೇಲೆ ಬಣ್ಣ. ಖಾರ ಕಡಿಮೆ ಎಂದರೂ ರಾಶಿಗಟ್ಟಲೆ ಬಿದ್ದಾಗ ಸೀನು ತಡೆಯಲಾಗುವುದಿಲ್ಲ. ಚೀಲದ ಬಾಯಿ ಬಿಚ್ಚಿ, ಲಾಟುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಅಂಗಡಿಗಳ ಒಳಗೆ ಮೂಗು ಬಾಯಿಗೆ ಸೆರಗು ಸುತ್ತಿಕೊಂಡ ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಾರೆ, ಬಿಳಿಚಿಕೊಂಡ ಕಾಯಿಯನ್ನು ಬೇರೆ ಮಾಡುತ್ತಾರೆ. ಸಂಜೆ ಮನೆಗೆ ಹೋಗಿ ಕೈ ತೊಳೆದರೂ ಉರಿ ಹೋಗುವುದಿಲ್ಲ, ಕೂಸನ್ನು ಎತ್ತಿಕೊಳ್ಳಲು ಹೆದರುತ್ತಾರೆ. ಸ್ತಬ್ಧಚಿತ್ರದಲ್ಲಿ ಮೆಣಸಿನಕಾಯಿ ಆಳೆತ್ತರ ಇರುತ್ತದೆ, ಈ ಕೈಗಳು ಇರುವುದಿಲ್ಲ. ಈ ಕೈಗಳಿಗೆ ಯಾವ ಹಾಳಿ ಹೊಂದುತ್ತದೆ ಎಂದು ಬಹಳ ದಿನ ಹುಡುಕಿದೆ. ಬಳೆ ಅಂಗಡಿಯ ಜಾಹೀರಾತಿನ ಕೈಗಳು ನುಣ್ಣಗಿದ್ದವು, ಆಗಲಿಲ್ಲ. ಕಡೆಗೆ ಗೋಣಿಚೀಲದ ನಾರನ್ನೇ ಕತ್ತರಿಸಿ ಬೆರಳು ಮಾಡಿದೆ. ಒರಟಾದ ನಾರು ಕೆಂಪಿನ ಪಕ್ಕದಲ್ಲಿ ಕೂತ ಮೇಲೆ ಆ ರಟ್ಟಿನಲ್ಲಿ ನೋಡುವವರ ಕಣ್ಣು ಹೋಗುವುದು ಅಲ್ಲಿಗೇ.

ಇನ್ನೊಂದು ಸಂಗತಿ. ಈ ಮಾರುಕಟ್ಟೆಗೆ ಬರುವ ಕಾಯಿಯೆಲ್ಲ ಬ್ಯಾಡಗಿ ಸುತ್ತಿನದಲ್ಲ. ಧಾರವಾಡ, ಗದಗ ಇರಲಿ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಳು ಬರುತ್ತವೆ. ಇನ್ನೂ ಹಿಂದಕ್ಕೆ ಹೋದರೆ ಮೆಣಸಿನಕಾಯಿಯೇ ನಮ್ಮದಲ್ಲ, ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಹಡಗಿನಲ್ಲಿ ತಂದರು. ಅಲ್ಲಿಯವರೆಗೆ ನಮ್ಮ ಅಡುಗೆಗೆ ಹೆಚ್ಚಾಗಿ ಕಾಳುಮೆಣಸೇ ಖಾರ. ಅಷ್ಟು ದೂರದಿಂದ ಬಂದ ಗಿಡ ಇಲ್ಲಿಯ ಎರೆನೆಲದಲ್ಲಿ ಬೇರು ಬಿಟ್ಟು, ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡಿತು. ಆ ಹೆಸರಿನ ಜೊತೆಗೆ ಸಂಕಟವೂ ಇದೆ. 2024ರ ಮಾರ್ಚ್‌ನಲ್ಲಿ ದರ ಕುಸಿದು, ರೈತರ ಸಿಟ್ಟು ಒಡೆದು, ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಿತ್ತು. ಮರುದಿನದ ಪತ್ರಿಕೆಗಳ ಆ ಫೋಟೋಗಳನ್ನು ಎತ್ತಿಟ್ಟಿದ್ದೇನೆ. ಅವನ್ನು ಇನ್ನೂ ಎಲ್ಲಿಯೂ ಅಂಟಿಸಿಲ್ಲ. ವರ್ಷಗಟ್ಟಲೆ ದುಡಿದದ್ದು ಒಂದು ದಿನದ ದರದಲ್ಲಿ ಕೈಬಿಟ್ಟು ಹೋದವನ ಸಂಕಟವನ್ನು ಚಿತ್ರದ ಸೊಗಸಿಗೆ ಬಳಸಿಕೊಳ್ಳಬಾರದು. ಬಳಸದೆ ಬಿಟ್ಟರೆ ಬ್ಯಾಡಗಿಯ ಚಿತ್ರ ಪೂರ್ತಿಯಾಗುವುದೂ ಇಲ್ಲ.

ಹಾವೇರಿಯ ಏಲಕ್ಕಿ ಹಾರದ ಕತೆ ಇದಕ್ಕಿಂತ ಸೋಜಿಗದ್ದು. ಬಯಲುಸೀಮೆಯ ಅಂಚಿನ ಈ ಊರಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಮಲೆನಾಡಿನ ನೆರಳಿನ ಬೆಳೆ. ಹಿಂದೆ ಅಲ್ಲಿಂದ ಏಲಕ್ಕಿಯನ್ನು ಇಲ್ಲಿಗೆ ತಂದು, ಬಾವಿಯ ನೀರಿನಲ್ಲಿ ಅಂಟುವಾಳಕಾಯಿ ಹಾಕಿ ತೊಳೆದು, ಬಿಳುಪು ಬರಿಸಿ, ಒಣಗಿಸಿ ದೂರದ ಪೇಟೆಗಳಿಗೆ ಕಳಿಸುತ್ತಿದ್ದರು. ಊರಿಗೆ ಹೆಸರು ತಂದದ್ದು ತೊಳೆಯುವ ಕೆಲಸ ಮತ್ತು ವ್ಯಾಪಾರ. ಹಾರ ಕಟ್ಟುವ ಕಲೆಯನ್ನು ಇಲ್ಲಿ ಬೆಳೆಸಿ ಉಳಿಸಿಕೊಂಡು ಬಂದವರು ಪಟವೇಗಾರ ಮನೆತನದವರು, ಮುಸಲ್ಮಾನರು. ಉಣ್ಣೆ, ರೇಷ್ಮೆ, ಜರಿಯ ಎಳೆಗಳ ನಡುವೆ ಏಲಕ್ಕಿಯನ್ನು ಪೋಣಿಸಿ, ಪದಕ ಕೂರಿಸಿ ಇವರು ಕಟ್ಟುವ ಹಾರ ಪ್ರಧಾನಿಗಳ ಕೊರಳಿಗೂ ಬಿದ್ದಿದೆ, ಮದುಮಕ್ಕಳ ಕೊರಳಿಗೂ ಬೀಳುತ್ತದೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ದೊಡ್ಡರಂಗೇಗೌಡರು ಅಧ್ಯಕ್ಷರು. ಆ ಮೂರು ದಿನ ಊರು ಏಲಕ್ಕಿ ಕಂಪಿನ ನಾಡು ಎಂದು ತನ್ನನ್ನು ತಾನು ಕರೆದುಕೊಂಡು ಮೆರೆಯಿತು. ನಾನು ಸಮ್ಮೇಳನದ ಆಮಂತ್ರಣ, ಚೀಲ, ಹಾಳಿಗಳನ್ನೆಲ್ಲ ಕೂಡಿಟ್ಟುಕೊಂಡೆ. ಹಾವೇರಿಯ ರಟ್ಟಿನಲ್ಲಿ ಹಾರದ ಒಳಗೆ ಮಲೆನಾಡಿನ ಮಳೆ, ಹಾವೇರಿಯ ಬಾವಿ, ಹಾರ ಕಟ್ಟುವವರ ಮನೆಯ ಅಂಗಳ, ಮೂರನ್ನೂ ಸುತ್ತಿ ತಂದಿದ್ದೇನೆ. ಕೊರಳನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾರ ಮುಖ ಬರಬೇಕು ಎಂದು ನೋಡುವವರು ಹೇಳಲಿ ಎಂದು.

ಈ ಬಗೆಯ ಕೆಲಸಕ್ಕೆ ನನಗಿಂತ ದೊಡ್ಡವರು ದಾರಿ ಹಾಕಿದ್ದಾರೆ. ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾದ ಬಟ್ಟೆಯನ್ನು 1912ರಲ್ಲಿ ಪಿಕಾಸೊ ಚಿತ್ರಕ್ಕೆ ಅಂಟಿಸಿದ್ದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನನಗೆ ಹೆಚ್ಚು ಹತ್ತಿರವಾದವಳು ಬರ್ಲಿನ್ನಿನ ಹಾನಾ ಹ್ಯೋಖ್. ಜನಾಂಗಗಳ ವಸ್ತುಸಂಗ್ರಹಾಲಯದಲ್ಲಿದ್ದ ಮೂರ್ತಿಗಳ ಫೋಟೋಗಳನ್ನು ತನ್ನ ಕಾಲದ ಹೆಂಗಸರ ದೇಹಗಳಿಗೆ ಅಂಟಿಸಿ, 'ಕಾಡುಜನ' ಎಂದು ಯಾರನ್ನು ಕರೆಯುತ್ತೀರಿ, ಅಂದಗಾತಿ ಎಂದು ಯಾರನ್ನು ಕರೆಯುತ್ತೀರಿ ಎಂದು ಕೇಳಿದಳು. ನಮ್ಮಲ್ಲಿ ಭೂಪೇನ್ ಖಕ್ಕರ್ 1965ರಲ್ಲಿ ಮುಂಬೈಯಲ್ಲಿ ತಮ್ಮ ಮೊದಲ ಪ್ರದರ್ಶನ ಮಾಡಿದಾಗ ಅಂಗಡಿಯಲ್ಲಿ ಮಾರುವ ದೇವರ ಪಟಗಳನ್ನೇ ಕತ್ತರಿಸಿ ಬಳಸಿದ್ದರು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ನಡುವಯಸ್ಸು ದಾಟಿದ ಮೇಲೆ ಪೂರ್ತಿ ಕುರುಡರಾದರು. ಆಮೇಲೂ ಬಣ್ಣದ ಹಾಳಿಯನ್ನು ಬೆರಳಿನಿಂದಲೇ ಅಳೆದು ಕತ್ತರಿಸಿ ಚಿತ್ರ ಮಾಡಿದರು. ಕಣ್ಣಿಲ್ಲದವರು ಮಾಡಿದ ಆ ಹಾಳಿಚಿತ್ರಗಳ ಬಣ್ಣದ ಧೈರ್ಯ ನೋಡಿದಾಗೆಲ್ಲ ನನ್ನ ಕೈ ಇನ್ನಷ್ಟು ಚುರುಕಾಗುತ್ತದೆ.

ನಾವು ಎತ್ತಿ ಹಿಡಿಯುವ ಗುರುತಿನ ಚಿತ್ರಗಳ ಸಾಲಿಗೆ ವಿಮಾನ ಕಂಪನಿಯೊಂದರ ಮಹಾರಾಜನೂ ಬರುತ್ತಾನೆ. ದೊಡ್ಡ ಮೀಸೆ, ಪಟ್ಟೆ ಪಟ್ಟೆ ಪೇಟ, ಬಾಗಿ ಸ್ವಾಗತಿಸುವ ದೇಹ. ಏರ್ ಇಂಡಿಯಾದ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ 1946ರಲ್ಲಿ ಹುಟ್ಟಿಸಿದ ಈತ ದಶಕಗಟ್ಟಲೆ ಭಾರತದ ಮುಖವಾಗಿ ಜಗತ್ತು ಸುತ್ತಿದ. ನಮ್ಮ ಕಡೆಯ ಪಟಗಾ ಸುತ್ತಿದ ರೈತನೂ ಸುತ್ತಳತೆಯಲ್ಲಿ ಅವನಿಗೇನೂ ಕಡಿಮೆಯಿಲ್ಲ. ಇಬ್ಬರ ರುಮಾಲಿನ ಬಟ್ಟೆಯೊಂದನ್ನೇ ಬಳಸಿ ಒಂದು ರಟ್ಟು ಮಾಡಬೇಕೆಂದಿದೆ.

ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಬರುತ್ತೇನೆ. ಅಲ್ಲಿಯ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿಲೋಮೀಟರು. ಸುರುಳಿ ಕೊಂಬಿನ ಗಂಡು ಜಿಗಿಯುವುದನ್ನು ಒಮ್ಮೆ ಕಂಡವರು ಆ ಊರು ಇದನ್ನೇ ತನ್ನ ಗುರುತು ಮಾಡಿಕೊಂಡದ್ದನ್ನು ಒಪ್ಪಿಬಿಡುತ್ತಾರೆ. ಆದರೆ ಕರ್ನಾಟಕದ ರಾಜ್ಯಪ್ರಾಣಿ ಆನೆ. ಕೃಷ್ಣಮೃಗ ಪಂಜಾಬ, ಹರಿಯಾಣ, ಆಂಧ್ರಪ್ರದೇಶಗಳ ರಾಜ್ಯಪ್ರಾಣಿ. ಅದು ಬಯಸುವುದು ಬಯಲಿನ ಹುಲ್ಲುಗಾವಲು. ಆ ಅರಣ್ಯದಲ್ಲಿ ಬಹಳಷ್ಟು ನೆಲದಲ್ಲಿ ನೆಟ್ಟದ್ದು ನೀಲಗಿರಿ, ಆಸ್ಟ್ರೇಲಿಯಾದ ಮರ. ಹೀಗೆ ಮೂರೂ ಊರುಗಳ ಗುರುತುಗಳು ನಾನು ಕತ್ತರಿ ಹಿಡಿಯುವ ಮೊದಲೇ ಅಂಟಿಸಿದ ಚಿತ್ರಗಳಾಗಿದ್ದವು. ಅಮೆರಿಕದ ಗಿಡ, ಮಲೆನಾಡಿನ ಕಾಯಿ, ಆಸ್ಟ್ರೇಲಿಯಾದ ಮರದ ನೆರಳಿನಲ್ಲಿ ನಮ್ಮ ಬಯಲಿನ ಜಿಂಕೆ. ನಮ್ಮದು ಎನ್ನುವುದು ಬೇರೆ ಬೇರೆ ಕಡೆಯಿಂದ ಬಂದು ಇಲ್ಲಿ ಕೂಡಿಕೊಂಡದ್ದು. ಕೂಡಿಕೊಂಡ ಮೇಲೆ ಅದನ್ನು ಪ್ರೀತಿಯಿಂದ ಸಾಕಿದವರದೇ ಅದು. ಈ ಮಾತನ್ನು ನಾನು ಯಾವ ವೇದಿಕೆಯಲ್ಲಾದರೂ ಹೇಳಬಲ್ಲೆ.

ರಾಣೆಬೆನ್ನೂರಿನ ಚಿತ್ರದಲ್ಲಿ ಜಿಂಕೆಗಿಂತ ನನ್ನನ್ನು ಕಾಡಿದ್ದು ಬೀಜ. ತಾಲೂಕಿನ ಸುತ್ತ ಬೀಜೋತ್ಪಾದನೆ ದೊಡ್ಡ ಕಸುಬು. ಟೊಮೆಟೊ, ಬೆಂಡೆ, ಮೆಣಸಿನಕಾಯಿ, ಹತ್ತಿಯ ಹೈಬ್ರಿಡ್ ಬೀಜ ಇಲ್ಲಿಂದ ಹೋಗಿ ಎಲ್ಲೆಲ್ಲಿಯೋ ಮೊಳೆಯುತ್ತದೆ. 'ಕ್ರಾಸಿಂಗ್ ಕೆಲಸ' ಎಂದು ಹೊಲಕ್ಕೆ ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಮೊಗ್ಗನ್ನು ಬಿಡಿಸಿ ಅದರ ಗಂಡು ಭಾಗವನ್ನು ಚಿಮಟದಿಂದ ಕೀಳುತ್ತಾರೆ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸುತ್ತಾರೆ, ಮುಟ್ಟಿಸಿದ ಹೂವಿಗೆ ಗುರುತಿಗೆಂದು ದಾರ ಕಟ್ಟುತ್ತಾರೆ. ಒಂದೊಂದು ಹೂವನ್ನೂ ಕೈಯಾರೆ. ದೇಶದ ಅಡುಗೆಮನೆಗಳಲ್ಲಿ ಬೇಯುವ ತರಕಾರಿಯ ಹಿಂದೆ ಇಷ್ಟು ನವುರಾದ ಕೆಲಸ ನಡೆದಿರುತ್ತದೆ. ಯಾವ ಸ್ತಬ್ಧಚಿತ್ರದಲ್ಲೂ ಇದು ಇಲ್ಲ, ಯಾವ ಊರಿನ ಸ್ವಾಗತ ದ್ವಾರದ ಮೇಲೂ ಬೀಜದ ಚಿತ್ರ ಇಲ್ಲ. ಬೀಜದ ಪೊಟ್ಟಣಗಳ ಮೇಲೆ ಹೊಳೆಯುವ ಟೊಮೆಟೊ, ಎಳೆ ಬೆಂಡೆ ಅಚ್ಚಾಗಿರುತ್ತವೆ, ಅವನ್ನು ಬೆಳೆಸಿದವರ ಕೈ ಇಲ್ಲ. ನಾನು ಆ ಪೊಟ್ಟಣಗಳಿಂದಲೇ ಒಂದು ಕೃಷ್ಣಮೃಗ ಕತ್ತರಿಸಿದೆ. ಕೊಂಬಿನ ಸುರುಳಿಗೆ ಹೂವಿಗೆ ಕಟ್ಟುವ ದಾರವನ್ನೇ ಸುತ್ತಿದೆ. ಅದನ್ನು ನೋಡಿದ ಹೆಣ್ಣುಮಗಳೊಬ್ಬಳು, "ಈ ದಾರ ನಾವು ಕಟ್ಟೋದಲ್ಲೇನ್ರಿ ಸರ!" ಎಂದು ಮುಟ್ಟಿ ಮುಟ್ಟಿ ನೋಡಿದಳು. ಜಿಂಕೆಯ ಬಗ್ಗೆ ಅವಳು ಏನನ್ನೂ ಕೇಳಲಿಲ್ಲ. ನನಗೆ ಬೇರೆ ಬಹುಮಾನ ಬೇಕಿರಲಿಲ್ಲ.

ತುಂಡು ಕೂಡಿಸುವ ವಿದ್ಯೆ ನನಗೆ ಬಂದದ್ದು ಪುಸ್ತಕದಿಂದಲ್ಲ, ಕೌದಿಯಿಂದ. ನಮ್ಮ ಓಣಿಯ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆಯ ಇಳಕಲ್ ಸೀರೆ, ಧೋತ್ರ, ಕುಬಸದ ಖಣ, ಎಲ್ಲವನ್ನೂ ಚೂರು ಮಾಡಿ ಹರಡಿಕೊಂಡು, ಅಂಚಿನಿಂದ ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರುವ ಹೊಲಿಗೆ. ನಾನು ಪಕ್ಕದಲ್ಲಿ ಕೂತರೆ ತುಂಡುಗಳ ಮೇಲೆ ಬೆರಳಿಟ್ಟು ಹೇಳುವಳು. "ಈ ಹಸರದು ನಮ್ಮ ಅತ್ತಿದು. ಇದು ನನ್ನ ಲಗ್ನದ ಸೀರಿ ಸೆರಗು. ಈ ಗೆರಿ ಗೆರಿ ಇರೋದು ನಿಮ್ಮ ಕಾಕಾನ ಪಟಾಪಟಿ ಚಡ್ಡಿ ನೋಡೋ ತಮ್ಮಾ." ಅವಳ ಕೌದಿಯಲ್ಲಿ ಯಾವ ತುಂಡೂ ತನ್ನ ಮನೆಯನ್ನು ಮರೆತಿರಲಿಲ್ಲ. ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹೀಗೆಯೇ ಅಂಚಿನಿಂದ ಒಳಕ್ಕೆ ಹೊಲಿದು ಕೌದಿ ಮಾಡುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಕೂರಿಸದಿದ್ದರೆ ಅವರಿಗೆ ಅದು ಮುಗಿದ ಕೌದಿಯೇ ಅಲ್ಲ. ಆಫ್ರಿಕದಿಂದ ಶತಮಾನಗಳ ಹಿಂದೆ ಬಂದವರ ಸಂತತಿ ಅವರು. ಅವರ ಕೌದಿ ಈಗ ದೇಶವಿದೇಶದ ಪ್ರದರ್ಶನಗಳಿಗೆ ಹೋಗುತ್ತಿದೆ. ದೊಡ್ಡವ್ವನ ಕೌದಿ ಎಲ್ಲಿಗೂ ಹೋಗಲಿಲ್ಲ, ಮೊಮ್ಮಕ್ಕಳ ಮೈಮೇಲೆಯೇ ಸವೆದು ಹೋಯಿತು. ನನ್ನ ರಟ್ಟುಗಳಲ್ಲಿ ತುಂಡಿನ ಅಂಚನ್ನು ಬಣ್ಣ ಹಚ್ಚಿ ಮುಚ್ಚುವುದಿಲ್ಲ ಎಂಬ ನಿಯಮ ಅವಳಿಂದ ಬಂದದ್ದು. ಜೋಡಣೆ ಕಾಣಬೇಕು. ಇದು ಬೇರೆ ಕಡೆಯಿಂದ ಬಂತು, ಇದು ಇನ್ನೊಬ್ಬರದು ಎಂಬುದು ಕಣ್ಣಿಗೆ ತಿಳಿಯಬೇಕು.

ಮನುಷ್ಯರ ಚಿತ್ರಕ್ಕೆ ಬಂದಾಗ ಕೆಲಸ ಇನ್ನೂ ಬಿಗಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಯಾದ ಕನಕದಾಸರಿಗೆ ಕಂಬಳಿ, ತಂಬೂರಿ. ಶಿಶುನಾಳದ ಶರೀಫರಿಗೆ ಗಡ್ಡ, ರುಮಾಲು. ಅಬಲೂರಿನ ಸರ್ವಜ್ಞನಿಗೆ ಜೋಳಿಗೆ. ಜಿಲ್ಲೆಯ ಪ್ರತಿ ಶಾಲೆಯ ಗೋಡೆಯಲ್ಲೂ ಇವರು ಹೀಗೆಯೇ ನಿಂತಿದ್ದಾರೆ. ಕನಕರ, ಸರ್ವಜ್ಞನ ಮುಖ ಹೇಗಿತ್ತೆಂದು ಕಂಡು ಬರೆದವರಿಲ್ಲ. ಚಿತ್ರಗಾರರು ತಮ್ಮ ಭಕ್ತಿಗೆ ತಕ್ಕಂತೆ ಬರೆದರು, ಬರೆದದ್ದು ನೆಲೆನಿಂತಿತು. ಇವರ ಮುಖವನ್ನು ನಾನು ಕತ್ತರಿಸುವುದಿಲ್ಲ. ಕಂಬಳಿಯನ್ನು ಮಾತ್ರ ಕುರಿ ಉಣ್ಣೆಯ ನಿಜವಾದ ಕಂಬಳಿಯ ತುಂಡಿನಿಂದಲೇ ಮಾಡುತ್ತೇನೆ.

ಮೈಲಾರ ಮಹಾದೇವರ ವಿಷಯ ಬೇರೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಈ ಹುಡುಗ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವನು, ಆ ತಂಡದಲ್ಲಿದ್ದ ಕನ್ನಡಿಗ. ದಂಡಿ ಎಂದರೆ ದೇಶದ ಕಣ್ಣಿಗೆ ಬರುವುದು ದೇವಿಪ್ರಸಾದ ರಾಯ್ ಚೌಧರಿಯವರ ಶಿಲ್ಪ. ಗಾಂಧೀಜಿ ಮುಂದೆ, ಬೇರೆ ಬೇರೆ ಉಡುಪಿನ ಹತ್ತು ಜನ ಹಿಂದೆ. ಹಳೆಯ 500 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದೇ ಸಾಲು ಇತ್ತು. ಉಡುಪಿನಿಂದಲೇ ದೇಶವನ್ನು ತೋರಿಸಿದ ಚಿತ್ರ ಅದು, ನನಗೆ ಬಹಳ ಇಷ್ಟವಾದದ್ದು. ನೋಟು ರದ್ದಾದಾಗ ಪತ್ರಿಕೆಯಲ್ಲಿ ಬಂದ ಅದರ ಫೋಟೋ ನನ್ನ ಬಳಿ ಇತ್ತು. ಅದನ್ನು ದೊಡ್ಡದು ಮಾಡಿಸಿ, ಸಾಲಿನ ಕೊನೆಗೆ ಮೋಟೆಬೆನ್ನೂರಿನ ಹುಡುಗನನ್ನು ಸೇರಿಸಿದೆ. ಅವನ ಕಾಲಿನ ಕೆಳಗೆ ಮೋಟೆಬೆನ್ನೂರಿನ ಹೊಲದ ಎರೆಮಣ್ಣನ್ನೇ ಖಳಿಯಲ್ಲಿ ಕಲಸಿ ಬಳಿದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಮಹಾದೇವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಬಲಿಯಾದರು. ಮಹಾದೇವರಿಗೆ 2018ರಲ್ಲಿ ಅಂಚೆಚೀಟಿ ಬಂತು. ಉಳಿದಿಬ್ಬರ ಹೆಸರನ್ನು ನಾನು ದೊಡ್ಡ ಅಕ್ಷರದಲ್ಲಿ ಕತ್ತರಿಸಿ ಅದೇ ರಟ್ಟಿನ ಮೇಲೆ ಅಂಟಿಸಿದ್ದೇನೆ. ಮೋಟೆಬೆನ್ನೂರಿನ ಹುಡುಗರು ಆ ರಟ್ಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ನನಗೆ ಹಬ್ಬ.

ಹೊರದೇಶದ ಆ ವಿದ್ಯಾರ್ಥಿನಿಗೆ ಕಳಿಸಿದ ಚಿತ್ರದಲ್ಲಿ ರಥವೂ ಇತ್ತು, ಅಂಬಾರಿಯೂ ಇತ್ತು, ಕಿರೀಟವೂ ಇತ್ತು. ರಥದ ಗಾಲಿಯ ಕಡ್ಡಿಗಳೆಲ್ಲ ಬ್ಯಾಡಗಿಯ ಕಡ್ಡಿ ಕಾಯಿ. ಅಂಬಾರಿಗೆ ಏಲಕ್ಕಿ ಹಾರ. ಬುಡದಲ್ಲಿ ಬೀಜದ ಪೊಟ್ಟಣದ ಹೊಲ, ಹೊಲದಲ್ಲಿ ಗೋಣಿನಾರಿನ ಬೆರಳುಗಳು. ಕಾರ್ಯಕ್ರಮದ ದಿನ ಅದರ ಮುಂದೆ ನಿಂತು ಆಕೆ ನಮ್ಮ ಮೂರು ಊರಿನ ವಿಷಯ ಹೇಳಿದಳಂತೆ. ಜನ ಹತ್ತಿರ ಬಂದು ಕಾಯಿ ಮೂಸಿ ನೋಡಿದರಂತೆ.

ಈಗ ಜಿಲ್ಲೆಯ ಒಂದು ದೊಡ್ಡ ನಕಾಶೆ ಹಾಕಿಕೊಂಡಿದ್ದೇನೆ, ಗೋಡೆಯಗಲದ್ದು. ಅದಕ್ಕೆ ಸಾಮಾನು ಸಾಲದು. ಹಾವೇರಿಯಲ್ಲಿ ಏಲಕ್ಕಿ ವ್ಯಾಪಾರ ನಡೆಸಿದ ಮನೆಗಳಲ್ಲಿ ಹಳೆಯ ಲೆಕ್ಕದ ಹಾಳಿ, ಪೆಟ್ಟಿಗೆಯ ಮೇಲಿನ ಚೀಟಿ ಅಟ್ಟದ ಮೇಲೆ ಇದ್ದೀತು. ರಾಣೆಬೆನ್ನೂರಿನ ಹತ್ತಿ ಅಡತಿಗಳಲ್ಲಿ ಮುದ್ರೆ ಒತ್ತಿದ ಚೀಲದ ಬಟ್ಟೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೂಕದ ಚೀಟಿಗಳು, ಕ್ರಾಸಿಂಗ್‌ಗೆ ಹೋಗುವವರ ಸಂಚಿಯಲ್ಲಿ ಉಳಿದ ದಾರ. ಇಂಥದ್ದು ನಿಮ್ಮ ಮನೆಯಲ್ಲಿದ್ದರೆ ಒಲೆಗೆ ಹಾಕಬೇಡಿ, ರದ್ದಿಗೂ ಹಾಕಬೇಡಿ. ಎತ್ತಿಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಯಾರದು, ಯಾವ ಕಾಲದ್ದು ಎಂದು ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.